ಬೆನ್ನಿಗೆ ತಾಗಿದ ಮಣ್ಣು

೧೨-೨-೧೯೫೯
ಇವತ್ತೂ ಹಾಲು ಸಾಲಲಿಲ್ಲ. ಪೈಲ್ವಾನನ ಕೈ ಹಿಡಿದವಳು ಜೊತೆಗೊಂದು ಎಮ್ಮೆಯನ್ನೂ ತರಬೇಕಿತ್ತು ಅಂತ ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಬಾದಾಮಿ ಸುಲಿದು, ಅರೆದು, ಇವರಿಗೆ ಲೋಟ ಕೊಟ್ಟು, ಸೀರೆ ನೆರಿಗೆ ಸರಿಮಾಡಿಕೊಳ್ಳುತ್ತಲೇ ಸ್ಕೂಲಿಗೆ ಓಟ. ಎರಡನೇ ಬೆಲ್ಲು ಹೊಡೆದಾಗಿತ್ತು.

ಸಂಜೆ ಬಂದರೆ ಜಗಲಿಯ ಮೇಲೆ ಮೂವರು. ಪ್ಯಾಂಟು, ಕರಿ ಕನ್ನಡಕ. ಸಿನಿಮಾದವರಂತೆ! ಕುಸ್ತಿ ಪಿಕ್ಚರ್ ತೆಗೆಯುತ್ತಾರಂತೆ. ಬಡಕಲು ಹುಡುಗನೊಬ್ಬ ಎಲ್ಲರ ಕೈಲಿ ಅನ್ನಿಸಿಕೊಂಡು, ಛಲ ಹಿಡಿದು ಸಾಮು ಮಾಡಿ, ಕೊನೆಗೆ ದೊಡ್ಡ ಪೈಲ್ವಾನನನ್ನು ಚಿತ್ ಮಾಡುವ ಕಥೆ. ಆ ದೊಡ್ಡ ಪೈಲ್ವಾನ್ ಇವರಾಗಬೇಕಂತೆ.

ನಗು ಬಂತು. ಕಡಕೊಳದ ಜವರಪ್ಪ ಯಾವ ಪಂದ್ಯದಲ್ಲೂ ಬೆನ್ನಿಗೆ ಮಣ್ಣು ತಾಗಿಸಿಕೊಂಡವರಲ್ಲ ಅಂತ ನಜರ್‌ಬಾದಿನ ಬೀದಿನಾಯಿಗೂ ಗೊತ್ತು. (ಅಯ್ಯೋ, ಹೆಸರು ಬರೆದುಬಿಟ್ಟೆ. ಬರೆದರೆ ಬರೆದೆ, ಯಾರು ನೋಡುತ್ತಾರೆ.) ಖಂಡಿತ ಆಗಲ್ಲ ಅನ್ನುತ್ತಾರೆ ಅಂದುಕೊಂಡೆ. ಒಪ್ಪಿಕೊಂಡೇಬಿಟ್ಟರು.

"ಏನ್ರೀ, ಬೀಳ್ತೀರಾ?" ಅಂದೆ.

"ಸುಮ್ನಿರು ಮಂಗಳಾ. ನಾಟಕದಲ್ಲಿ ದುರ್ಯೋಧನನ ಪಾರ್ಟು ಮಾಡ್ದೋನು ತೊಡೆ ಮುರಿಸ್ಕೊಂಡು ಮನೆಗೆ ಬಂದು ಉಣ್ಣಲ್ವಾ? ನಂಗೂ ನಲವತ್ತಾಗ್ತಾ ಬಂತು. ದಸರಾದಲ್ಲಿ ಇನ್ನೆಷ್ಟು ವರ್ಷ ಇಳೀತೀನಿ? ಫಿಲ್ಮಿನಲ್ಲಾದ್ರೆ ಸತ್ತ ಮೇಲೂ ಇರ್ತೀನಿ."

ಆಸೆ ಪಟ್ಟಿದ್ದಾರೆ.

೩-೩-೧೯೫೯
ರಂಪ. ಸ್ಟುಡಿಯೋದಲ್ಲಿ ಹೊಳೆ ಮರಳಿಗೆ ಮರದ ಹೊಟ್ಟು ಕಲಸಿ ಅಖಾಡ ಮಾಡಿದ್ದರಂತೆ. ಇವರು ಕಾಲಲ್ಲಿ ಕೆದಕಿ, "ಇದರಲ್ಲಿ ಕೋಳಿ ಮೇಯ್ಬೇಕು, ನಾನು ಇಳಿಯಲ್ಲ" ಅಂದರಂತೆ. ತಮ್ಮ ಗರಡಿಯ ಮಣ್ಣೇ ಬರಬೇಕು ಅಂತ ಹಟ.

ಉಸ್ತಾದ್ ಕೃಷ್ಣಪ್ಪನವರು ಸುತರಾಂ ಒಪ್ಪಲಿಲ್ಲ. ಇವರನ್ನು ಎಳೆ ಹುಡುಗನಾಗಿದ್ದಾಗಿನಿಂದ ತಿದ್ದಿ ತೀಡಿದವರು, ಬೈಯುವ ಹಕ್ಕಿದೆ. "ಆಟ ಆಡೋಕಲ್ಲ ಕಣೋ ಆ ಮಣ್ಣು" ಅಂದರು. ಇವರು ಬಿಡಬೇಕಲ್ಲ. ಕಾಲು ಹಿಡಿದು, ಕಾಡಿ, ಕಡೆಗೂ ಲಾರಿಗೆ ತುಂಬಿಸಿಕೊಂಡು ಹೋದರು. ಅರಿಶಿನ, ಎಳ್ಳೆಣ್ಣೆ, ನಿಂಬೆಹಣ್ಣು ಎಲ್ಲ ಹಾಕಿ ಹದ ಮಾಡಿ ಪೂಜೆಯನ್ನೂ ಮಾಡಿದರಂತೆ. ಸಿನಿಮಾದವರು ಕರ್ಪೂರಕ್ಕೆ ಕೈ ಮುಗಿದು ಸಿಗರೇಟು ಹಚ್ಚಿದರಂತೆ.

೯-೩-೧೯೫೯
ಶೂಟಿಂಗ್ ನೋಡಲು ಹೋಗಿದ್ದೆ. ಹೋಗಬಾರದಿತ್ತು.

ಹೀರೋ ಪಾಪ ಒಳ್ಳೆಯವನೇ. ಬಂದು "ನಮಸ್ಕಾರ ಅಕ್ಕ" ಅಂದ. ಮೈಗೆಲ್ಲ ಪೌಡರು. ಆದರೆ ಇವರನ್ನು ಎತ್ತುವುದಿರಲಿ, ಅಲುಗಿಸುವುದಕ್ಕೂ ಅವನ ಕೈಲಾಗಲಿಲ್ಲ. ಕಡೆಗೆ ಇವರೇ ಅವನಿಗೆ ಪಟ್ಟು ಹೇಳಿಕೊಟ್ಟು, ಇವರೇ ನೆಗೆದು, ಇವರೇ ಅಂಗಾತ ಬಿದ್ದರು. "ಒನ್ಸ್ ಮೋರ್!" ಮತ್ತೆ ಬಿದ್ದರು. ಬಿದ್ದಾಗಲೆಲ್ಲ ಎದ್ದು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಅದು ಬೇಡ ಅಂತ ಡೈರೆಕ್ಟರು ಕೂಗಿದ.

ರಾತ್ರಿ ಬಚ್ಚಲಲ್ಲಿ ಬೆನ್ನುಜ್ಜಿದೆ. ದಿನಾ ಉಜ್ಜುವ ಬೆನ್ನೇ. ಇವತ್ತು ಯಾಕೋ ಕೈ ನಿಂತು ನಿಂತು ಹೋಗುತ್ತಿತ್ತು.

೨೨-೧-೧೯೬೦
ಎಷ್ಟೋ ತಿಂಗಳಾಯಿತು ಇದರಲ್ಲಿ ಬರೆದು. ಪಿಕ್ಚರ್ ಬಂದಿದೆ. ಟಾಕೀಸಿನ ಮುಂದೆ ಜಾತ್ರೆ. ಮಾರ್ಕೆಟ್ಟಿನಲ್ಲಿ, ಸೌತೆಕಾಯಿಯವಳ ಹತ್ತಿರ, ಸ್ಟಾಫ್ ರೂಮಿನಲ್ಲಿ, ಎಲ್ಲೆಲ್ಲೂ ಅದೇ ಮಾತು. ಗರಡಿಗೆ ಹೊಸ ಹುಡುಗರು ನುಗ್ಗುತ್ತಿದ್ದಾರೆ. ಬಸ್ಕಿ ಹೊಡೆಯಲು ಬರುವುದಿಲ್ಲ, ಎಲ್ಲರಿಗೂ ಹೀರೋ ಹಾಕಿದ ಪಟ್ಟೇ ಬೇಕು! ಅದನ್ನು ಹೇಳಿಕೊಟ್ಟವರು ಇವರು ಅಂತ ಒಬ್ಬನಿಗೂ ಗೊತ್ತಿಲ್ಲ. ಬೀದಿಯಲ್ಲಿ ಇವರು ಬಂದರೆ ಚಿಳ್ಳೆಪಿಳ್ಳೆಗಳು "ಚಿತ್! ಚಿತ್!" ಅಂತ ಕೂಗಿ ಓಡುತ್ತವೆ.

ಇವರಿನ್ನೂ ನೋಡಿಲ್ಲ. "ರಶ್ಶು ಕಮ್ಮಿ ಆಗ್ಲಿ" ಅನ್ನುತ್ತಾರೆ.

೨೯-೧-೧೯೬೦
ಹೆಡ್‌ಮಿಸ್ಟ್ರೆಸ್ ಅಂಬುಜಮ್ಮನವರ ಆರ್ಡರು. "ಮಕ್ಕಳು ನೋಡಲೇಬೇಕಾದ ಪಿಕ್ಚರ್ ಕಣ್ರೀ ಮಂಗಳಮ್ಮ. ಛಲ ಅಂದ್ರೇನು ಅಂತ ಗೊತ್ತಾಗತ್ತೆ. ನೀವೇ ಕರ್ಕೊಂಡು ಹೋಗಿ, ನಿಮ್ಮ ಮನೆಯೋರೇ ಇದಾರಲ್ಲ!" ಬೇಕಂತ ಚುಚ್ಚಿದ್ದಲ್ಲ, ಅವರ ಸ್ವಭಾವವೇ ಹಾಗೆ.

ಇಡೀ ನಾಲ್ಕನೇ ಕ್ಲಾಸು ಸಾಲಾಗಿ ಹೋಯಿತು. ಇವರು ಬಿದ್ದಾಗ ಹುಡುಗಿಯರೆಲ್ಲ ಕುಣಿದು ಚಪ್ಪಾಳೆ ಹೊಡೆದರು. ನನ್ನ ಪಕ್ಕ ಕೂತಿದ್ದ ಪ್ರೇಮಲೀಲಾ ಕೂಡ. ಆಮೇಲೆ ನನ್ನ ಮುಖ ನೋಡಿ ಎರಡು ಕೈಯನ್ನೂ ಲಂಗದಡಿ ಸೇರಿಸಿಕೊಂಡುಬಿಟ್ಟಳು.

ಪಿಕ್ಚರ್ ಚೆನ್ನಾಗಿದೆ. ಅದೇ ಕಷ್ಟ. ಆ ಬಡಪಾಯಿ ಹುಡುಗ ಗೆಲ್ಲಲಿ ಅಂತ ನನಗೂ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಇದನ್ನು ಇವರಿಗೆ ಹೇಳಲಿಲ್ಲ.

೭-೨-೧೯೬೦, ಭಾನುವಾರ


ಮಧ್ಯಾಹ್ನ ಮಾವ ಕಡಕೊಳದಿಂದ ಬಂದುಬಿಟ್ಟರು. ಒಗೆದ ಪಂಚೆ, ಜರಿಯಂಚಿನ ರುಮಾಲು. ಮಗ ಸಿನಿಮಾದಲ್ಲಿದ್ದಾನೆ ಅಂತ ಊರಲ್ಲಿ ಯಾರೋ ಹೇಳಿದ್ದಾರೆ, ಕಥೆ ಏನು ಅಂತ ಹೇಳಿಲ್ಲ. ಮಾವನೂ ಒಂದು ಕಾಲದಲ್ಲಿ ಪೈಲ್ವಾನ್ ಕೆಂಪಯ್ಯ ಅಂತ ಹೆಸರಾದವರೇ. ಮಗನನ್ನು ಮೊದಲು ಮಣ್ಣಿಗಿಳಿಸಿದವರೂ ಅವರೇ. ಇವರು ಮನೆಯಲ್ಲಿರಲಿಲ್ಲ. ಬೇಡ ಮಾವ, ಇನ್ನೊಂದು ದಿನ ಹೋಗೋಣ ಅಂದೆ. ಕೇಳಲಿಲ್ಲ. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ.

ಕೊನೆಯ ಕುಸ್ತಿ ಬರುವ ಹೊತ್ತಿಗೆ ತಲೆನೋವಿನ ನೆಪ ತೆಗೆದೆ. "ಮಾವ, ಎದ್ದು ಹೋಗೋಣ."

"ಈಗ್ತಾನೆ ಸುರುವಾಯ್ತು, ಕುಂತ್ಕೊ ಕೂಸೇ."

ಕುಸ್ತಿ ಶುರುವಾದದ್ದೇ ಮಾವ ಎದ್ದು ನಿಂತರು. "ಕಾಲು ಹಾಕ್ಲಾ! ಸೊಂಟ ಬುಡಬ್ಯಾಡ!" ಹಿಂದಿನವರು ಕೂತ್ಕೊಳಯ್ಯ ಮುದುಕ ಅಂತ ಬೈದರು. ಇವರು ಬಿದ್ದರು. ಸಿಳ್ಳೆ, ಕೇಕೆ, ಪರದೆಗೆ ಚಿಲ್ಲರೆ ಕಾಸು. ಆ ಗಲಾಟೆಯಲ್ಲೂ ಮಾವನ ದನಿ ನನಗೆ ಕೇಳಿತು. "ಎದ್ದೇಳ್ಲಾ ಜವರಾ... ಏಳ್ಲಾ ಮಗ..."

ಆಮೇಲೆ ಕೂತರು. ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

ಹೊರಗೆ ಬಂದ ಮೇಲೆ ಅದು ಬರೀ ಸಿನಿಮಾ ಮಾವ ಅಂದೆ. ಕಿವಿಗೆ ಬಿತ್ತೋ ಇಲ್ಲವೋ. ಮನೆಗೆ ಬನ್ನಿ, ಊಟ ಮಾಡಿ ಅಂದೆ. "ವಟ್ಟೆ ತುಂಬ್ಯದೆ ಕಣವ್ವ" ಅಂದವರೇ ಬಸ್ ಹತ್ತಿದರು.

೧೦-೨-೧೯೬೦
ಮೈದುನ ದೇವರಾಜು ಬಂದಿದ್ದ. ಮಾವ ಹಾಸಿಗೆ ಹಿಡಿದಿದ್ದಾರಂತೆ. ನೀರು ಬಿಟ್ಟರೆ ಏನೂ ಒಳಗೆ ಹೋಗುತ್ತಿಲ್ಲ. ಎದೆಯಲ್ಲಿ ನೋವು ಅನ್ನುತ್ತಾರಂತೆ.

ಇವರಿಗೆ ಹೇಳಿದರೆ ಗೋಡೆ ನೋಡಿಕೊಂಡು ಕೂತರು. "ಎಂಗೆ ಮುಖ ತೋರ್ಸ್ಲಿ?"

ರೇಗಿತು. "ನಿಮ್ಮ ಮುಖಕ್ಕೇನಾಗಿದೆ? ಅವರು ಪಾಪ ಸಿನಿಮಾನ ನಿಜ ಅಂದ್ಕೊಂಡಿದಾರೆ. ಮಗ ಸೋತುಬಿಟ್ಟ ಅಂತ ಕೊರಗ್ತಿದಾರೆ. ಹೋಗಿ ಹೇಳಿ. ಸೋಲ್ಲಿಲ್ಲ ಅಪ್ಪ, ನಾನೇ ಬೇಕಂತ ಬಿದ್ದೆ, ಆ ಹುಡುಗನಿಗೆ ನನ್ನ ಎತ್ತೋಕೂ ಆಗಲ್ಲ ಅಂತ. ಅಷ್ಟು ಕೇಳಿದ್ರೆ ಎದ್ದು ಕೂತ್ಕೋತಾರೆ."

"ಅಂಗಂತೀಯಾ?"

"ಹಂಗೇ ಅನ್ನಿ. ಎಲ್ಲಿ, ಒಂದ್ಸಲ ನನ್ನ ಮುಂದೆ ಅನ್ನಿ ನೋಡೋಣ."

ಒಪ್ಪಿಸಿದರು, ಮಗ್ಗಿ ಒಪ್ಪಿಸಿದ ಹಾಗೆ. ಇಬ್ಬರಿಗೂ ನಗು ಬಂತು. ಸಂಜೆ ಬಸ್ಸಿಗೆ ದೇವರಾಜುವಿನ ಜೊತೆ ಹೊರಟರು. ದಾಳಿಂಬೆ ಕೊಟ್ಟು ಕಳಿಸಿದ್ದೇನೆ.

೧೧-೨-೧೯೬೦
ಏನೂ ಸುದ್ದಿಯಿಲ್ಲ. ಸುದ್ದಿಯಿಲ್ಲ ಅಂದರೆ ಒಳ್ಳೆಯದೇ. ಅಪ್ಪ ಮಗ ಕೂತು ನಗುತ್ತಿರಬೇಕು. ಬಹಳ ದಿನದ ಮೇಲೆ ಕಣ್ತುಂಬ ನಿದ್ದೆ ಬಂತು.

೧೩-೨-೧೯೬೦
ಮಾವ ಹೋಗಿಬಿಟ್ಟರು. ಈಗ ಕಡಕೊಳಕ್ಕೆ ಹೊರಟಿದ್ದೇನೆ.

೨೭-೨-೧೯೬೦
ತಿಥಿ ಮುಗಿಸಿಕೊಂಡು ನಿನ್ನೆ ಬಂದೆವು. ಇವರು ಅಲ್ಲಿ ಅಳಲಿಲ್ಲ. ಬೆಳಗ್ಗೆ ಎಚ್ಚರವಾಗುತ್ತೆ, ಗರಡಿಗೆ ಹೋಗುವುದಿಲ್ಲ, ಹಾಗೇ ಕೂತಿರುತ್ತಾರೆ. ಬಾದಾಮಿ ಹಾಲು ಕೆನೆಗಟ್ಟಿ ಆರುತ್ತದೆ. ಉಸ್ತಾದರೇ ಮನೆಗೆ ಬಂದರು. "ಆಗಿದ್ದು ಆಯ್ತು ಕಣೋ, ಬಾರೋ" ಅಂದರು. ಇವರು ಏಳಲಿಲ್ಲ. ಆ ಹಿರಿಯರು ಒಂದು ಗಂಟೆ ಕಾದು ಎದ್ದು ಹೋದರು.

ಅಲ್ಲಿ ಓರಗಿತ್ತಿ ಪುಟ್ಟಬಸಮ್ಮ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಅವತ್ತು ದೇವರಾಜು ಇತ್ತ ಹೊರಟ ಮೇಲೆ ಮಾವ ಎದ್ದು ಕೂತು ರಾಗಿ ಗಂಜಿ ಕುಡಿದಿದ್ದರಂತೆ. "ಸುಧಾರಿಸ್ಕಂಡಿದ್ರು ಕಣಕ್ಕ. ಭಾವ ಒಳಗೋಗಿ ಮಾತಾಡಿದ್ಮೇಲೇ ಪುನಾ ಮಲಗಿದ್ದು."

ಹಾಗಾದರೆ ಏನಾಯಿತು ಒಳಗೆ?

೪-೩-೧೯೬೦, ಸಂಜೆ
ಇವತ್ತು ಬಾಯಿಬಿಟ್ಟರು. ನಾನು ಅಕ್ಕಿ ಆರಿಸುತ್ತಿದ್ದೆ. ಎದುರು ಬಂದು ಕೂತು, ನಾನು ಕೇಳದೆಯೇ ಹೇಳಿದರು.

ಕೋಣೆಗೆ ಹೋದಾಗ ಮಾವ ನಗುಮುಖದಲ್ಲೇ ಇದ್ದರಂತೆ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರಂತೆ. "ಸೋತೋದ್ಯಲ್ಲಾ ಮಗ ಅಂತ ಸಂಕಟ ಆಗಿತ್ತು ಕನ್ಲಾ. ಆಮೇಲ್ ಯೋಚ್ನೆ ಮಾಡ್ದೆ. ನಾನೂ ಸೋತಿವ್ನಿ, ನಮ್ಮಪ್ಪನೂ ಸೋತಿದ್ದ. ಗರಡಿ ಮಣ್ಣಿಗಿಳಿದೋನು ಒಂದಿನ ಬೀಳ್ಲೇಬೇಕು. ಆ ಹೈದ ಗಟ್ಟಿಗ. ಅವನ ಕೈಲಿ ಸೋತ್ರೆ ಮಾನ ಹೋಗಕಿಲ್ಲ" ಅಂದರಂತೆ.

ಇವರು ಆಗ ಹೇಳಿದ್ದಾರೆ. ಸೋಲಲಿಲ್ಲ ಅಪ್ಪ, ನಾನೇ ಬೇಕಂತ ಬಿದ್ದೆ. ನನ್ನ ಮುಂದೆ ಒಪ್ಪಿಸಿದ್ದನ್ನು ಒಂದಕ್ಷರ ಬಿಡದೆ. ಮಣ್ಣು ಮಾತ್ರ ನಮ್ಮ ಗರಡಿಯದೇ, ಪೂಜೆ ಮಾಡಿಯೇ ಇಳಿದೆ ಅಂತಲೂ ಸೇರಿಸಿದರಂತೆ.

ಮಾವ ಕೈ ಬಿಟ್ಟರಂತೆ. "ಗರಡಿ ಮಣ್ಣು ತಂದು, ಪೂಜೆ ಮಾಡಿ, ಕೈ ಮುಗಿದು... ಬೇಕೂಂತ ಬಿದ್ಯೇನ್ಲಾ?"

ಅಷ್ಟೇ. ಆ ಕಡೆ ಮಗ್ಗುಲಾದರಂತೆ. ಅಪ್ಪ, ಅಪ್ಪ ಅಂತ ಎಷ್ಟು ಕರೆದರೂ ಈ ಕಡೆ ತಿರುಗಲಿಲ್ಲವಂತೆ. ಎರಡು ದಿನ ಇವರು ಆ ಬೆನ್ನು ನೋಡಿಕೊಂಡೇ ಕೂತಿದ್ದರಂತೆ.

"ಹೂಂ ಅಪ್ಪ, ಸೋತೆ ಅಂದ್ಬುಟ್ಟಿದ್ರೆ ಸಾಕಿತ್ತು ಅಲ್ವಾ ಮಂಗಳಾ? ಬಾಯ್ತುದೀಗೆ ಬಂದಿತ್ತು. ಆದ್ರೆ ನೀನು ಹೇಳ್ಕೊಟ್ಟಿದ್ದೆ, ಅದನ್ನೇ ಹೇಳ್ದೆ."

ದೂರಿದ್ದಲ್ಲ. ಎಳೇ ಮಗು ಕೇಳಿದ ಹಾಗೆ ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊರ ಎತ್ತಿಕೊಂಡು ಅಡುಗೆಮನೆಗೆ ಬಂದುಬಿಟ್ಟೆ. ಇಲ್ಲೇ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ನಾನೇ ಕಳಿಸಿದ್ದು. ಮನುಷ್ಯರು ಯಾವುದಕ್ಕೆ ಕೊರಗುತ್ತಾರೆ ಅಂತ ಎಲ್ಲ ಬಲ್ಲವಳ ಹಾಗೆ, ಬಾಯಿಪಾಠ ಮಾಡಿಸಿ ಕಳಿಸಿದ್ದು.

ನಡುಮನೆಯಲ್ಲಿ ಈಗ ಅಳುತ್ತಿದ್ದಾರೆ. ದನಿ ತೆಗೆದು. ಮದುವೆಯಾದಾಗಿನಿಂದ ಒಂದು ದಿನವೂ ಕೇಳಿರಲಿಲ್ಲ. ಎದ್ದು ಹೋಗಬೇಕು. ಹೋಗಿ ಏನಾದರೂ ಹೇಳಬೇಕು. ಹೇಳಿಕೊಡಲು ಇನ್ನು ನನ್ನ ಹತ್ತಿರ ಏನು —