ಮಿಂಚುಳ್ಳಿಯೋ, ಗಲಾಟೆಯೋ

ಭಾನುವಾರ ಮಧ್ಯಾಹ್ನ
ಕನ್ನಡಕದಂಗಡಿಯ ಮೇಲಿನ ಕೋಣೆ

ಮಿಂಚುಳ್ಳಿ ಶ್ವಾನ ಮನೆತನದ ಯಜಮಾನರಿಗೆ, ಆ ಮನೆತನದ ಒಂದು ನಾಯಿಯನ್ನೂ ತನ್ನ ಕೋಪವನ್ನೂ ಎತ್ತಿಕೊಂಡು ಹೊರಬಿದ್ದವಳು ಮಾಡುವ ನಮಸ್ಕಾರ.

ರೀ, ಚುಕ್ಕೆ ಬಂದವು! ನಿಮ್ಮ ಮೇಲಿನ ಸಿಟ್ಟು ಆಮೇಲೆ ಮುಂದುವರಿಸುತ್ತೇನೆ, ಮೊದಲು ಇದನ್ನು ಓದಿ. ಹುಟ್ಟಿದಾಗ ಒಗೆದು ಒಣಹಾಕಿದ ಬನಿಯನ್ನುಗಳ ಹಾಗೆ ಬೆಳ್ಳಗಿದ್ದ ಮರಿಗಳ ಮೈಮೇಲೆ ಈಗ ಯಾರೋ ಪೆನ್ನು ಕೊಡವಿದ ಹಾಗಿದೆ. ಒಬ್ಬನಿಗೆ ಮೂಗಿನ ತುದಿಗೆ ಸರಿಯಾಗಿ ಪೂರ್ಣವಿರಾಮ ಬಿದ್ದಿದೆ. ಇನ್ನೊಬ್ಬನ ಬೆನ್ನ ಮೇಲೆ ಮೂರು ಚುಕ್ಕೆ, ಹೇಳಬೇಕಾದ್ದನ್ನು ಅರ್ಧಕ್ಕೇ ಬಿಟ್ಟವರ ಹಾಗೆ. ಹೆತ್ತ ತಾಯಿ ಶಾಯಿ ಮಾತ್ರ ಇದೆಲ್ಲ ತನ್ನದೇ ಬರವಣಿಗೆ ಎನ್ನುವ ಜಂಬದಲ್ಲಿ ಕಾಲು ಚಾಚಿ ಮಲಗಿದ್ದಾಳೆ.

ಇನ್ನು ನಿಮ್ಮ ಚೀಟಿ. "ನನ್ನ ಹೆಸರು ಬಿಟ್ಟು ಹೋದವಳು ನನ್ನ ನಾಯಿಗಳ ಹೆಸರು ಯಾಕೆ ಹೊತ್ಕೊಂಡು ಹೋದೆ?" ಒಂದೇ ಸಾಲು, ಆದರೆ ಚೆನ್ನಾಗಿದೆ. ಮದುವೆಯಾದ ಹೊಸದರಲ್ಲಿ ಹೀಗೆ ಬರೆದಿದ್ದರೆ ಜೋಪಾನವಾಗಿ ಎತ್ತಿಡುತ್ತಿದ್ದೆ.

ನಡೆದದ್ದು ಇಷ್ಟು. ಜಾಹೀರಾತು ಹಾಕಿದ್ದು ನಾನಲ್ಲ, ನಿಮ್ಮ ಮುದ್ದಿನ ಬಾಮೈದ. ಅಕ್ಕನಿಗೆ ಉಪಕಾರ ಮಾಡುತ್ತೇನೆಂದು ಮರಿಗಳ ಫೋಟೊ ತೆಗೆದು, ಕೆಳಗೆ 'ಅಪ್ಪಟ ಮಿಂಚುಳ್ಳಿ ಮರಿಗಳು' ಎಂದು ಬರೆದು ಊರಿಗೆಲ್ಲ ಹಂಚಿಬಿಟ್ಟ. ತರಾಟೆಗೆ ತೆಗೆದುಕೊಂಡರೆ ನನಗೇ ವಾದ ಹೂಡಿದ. ತಾಯಿ ಮಿಂಚುಳ್ಳಿ, ತಂದೆ ಮಿಂಚುಳ್ಳಿ, ಮರಿಗಳೇನು ಗುಬ್ಬಚ್ಚಿಗಳಾ ಅಂದ. ನಾನು ಅವನನ್ನು ಕೆಳಗೆ ಅಂಗಡಿಗೆ ಕರೆದೊಯ್ದು ನಮ್ಮ ಅಂಗಡಿಯ ಹೆಸರು ಅಚ್ಚಾದ ಕನ್ನಡಕದ ಖಾಲಿ ಡಬ್ಬಿಯೊಂದನ್ನು ಕೈಗಿಟ್ಟೆ. ಇದರೊಳಗೆ ಯಾವನೋ ಮನೆಯಲ್ಲಿ ಉಜ್ಜಿದ ಗಾಜು ತುಂಬಿ ಮಾರಿದ ಅಂತಿಟ್ಟುಕೋ, ಗಾಜು ಒಳ್ಳೆಯದೇ ಇರಬಹುದು, ಆದರೆ ಗಿರಾಕಿಗೆ ತಲೆನೋವು ಬಂದ ದಿನ ಬೈಸಿಕೊಳ್ಳುವವಳು ನಾನು ಅಂದೆ. ಕೆನಲ್ ಹೆಸರು, ಅಂದರೆ ತಳಿ ಬೆಳೆಸಿದ ಮನೆಯ ಹೆಸರು, ಅದೂ ಹಾಗೆಯೇ. ಈ ಜೋಡಿ ನಾನು ಕೂಡಿಸಿದ್ದು, ಈ ಮರಿಯ ಮೈಕೈ ಕಿವಿ ನಾನು ನೋಡಿದ್ದು, ಹೆಚ್ಚುಕಡಿಮೆಯಾದರೆ ನನ್ನ ಬಾಗಿಲಿಗೇ ಬನ್ನಿ ಅಂತ ಒಬ್ಬ ಮನುಷ್ಯ ಕೊಡುವ ಮಾತು ಅದು. ಆ ಮಾತನ್ನು ನಿಮ್ಮ ಬಾಯಿಂದ ಕಿತ್ತು ಬೇರೆಯವರು ಆಡಿದರೆ ಅದು ಕಳ್ಳತನವೇ. ಜಾಹೀರಾತು ತೆಗೆಸಿದೆ. ಕೇಳಿದವರಿಗೆಲ್ಲ ಫೋನು ಮಾಡಿ, ತಾಯಿ ಮಿಂಚುಳ್ಳಿಯವಳು, ಮರಿಗಳಿಗೆ ಆ ಹೆಸರು ಕೊಡುವ ಹಕ್ಕು ನನಗಿಲ್ಲ ಅಂದೆ. ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಅಸಲಿ ಮಾಲು ಬಂದಾಗ ತಿಳಿಸಮ್ಮ ಅಂತ ಹಸಿರು ಬಾವುಟ ಬೀಸಿ ಹೊರಟೇಹೋದರು. ಹಲ್ಲಿನ ಡಾಕ್ಟ್ರಮ್ಮ ಮಾತ್ರ ಹೆಸರು ಕಚ್ಚುತ್ತದೆಯೇ, ಮರಿ ತೋರಿಸಿ ಅಂದರು.

ಆಮೇಲೆ ಹುಮ್ಮಸ್ಸು ಹತ್ತಿತು. ನನಗೂ ಒಂದು ಹೆಸರು ಬೇಡವೇ? ಶ್ವಾನ ಸಂಘಕ್ಕೆ ಹೋಗಿ 'ಗಲಾಟೆ' ಎಂದು ಬರೆಸಿ ಬಂದೆ. ಗುಮಾಸ್ತರು ಕನ್ನಡಕ ಮೇಲೆತ್ತಿ, ಇದು ಹೆಸರೋ ದೂರೋ ಎಂದು ವಿಚಾರಿಸಿದರು. ಶಾಯಿ ನನ್ನ ಹೆಸರಿನಲ್ಲೇ ಇರುವುದರಿಂದ, ಸಂಘದ ನಿಯಮದಂತೆ ಅವಳ ಮರಿಗಳಿಗೆ ನನ್ನ ಕೆನಲ್ ಹೆಸರು ಹಾಕುವ ಹಕ್ಕು ಪೂರ್ತಿ ನನ್ನದೇ. ಗೆದ್ದೆ ಅಂದುಕೊಂಡು ಮೆಟ್ಟಿಲು ಎರಡೆರಡೇ ಹತ್ತಿ ಬಂದೆ.

ಬಂದು ನೋಡಿದರೆ ಮರಿಗಳು ಮೊದಲ ಸಲ ಕೋಣೆಯ ಉದ್ದಕ್ಕೂ ನಡೆಯುತ್ತಿದ್ದವು. ರೀ, ಆ ನಡಿಗೆ! ನಮ್ಮ ಊಟದ ಮೇಜಿನ ಮೇಲೆ ನೀವು ವರ್ಷಗಟ್ಟಲೆ ಸೀಮೆಸುಣ್ಣದಲ್ಲಿ ಗೀಚುತ್ತಿದ್ದಿರಲ್ಲ, ನಿಮ್ಮ ಗಂಡುನಾಯಿ ದೊರೆಯ ಭುಜ, ಶಾಯಿಯ ಬೆನ್ನು, ಎರಡೂ ಕೂಡಿದರೆ ಹೀಗೆ ಅಂತ? ತಟ್ಟೆ ಇಡಲು ಜಾಗವಿಲ್ಲದೆ ನಾನು ಅದನ್ನು ಒರೆಸಿ ಒರೆಸಿ ಬೈಯುತ್ತಿದ್ದೆನಲ್ಲ? ಆ ಗೀಟು ಎದ್ದು ಬಾಲ ಅಲ್ಲಾಡಿಸಿಕೊಂಡು ನನ್ನ ಕಡೆಗೇ ಬರುತ್ತಿತ್ತು. ನಾನು ಹೊರಡುವ ಮೊದಲೇ ನೀವು ಯೋಚಿಸಿ ಕೂಡಿಸಿದ ಜೋಡಿಯ ಮಕ್ಕಳು ಇವು. ಇವಕ್ಕೆ 'ಗಲಾಟೆ' ಅಂತ ಬರೆದರೆ ನಿಮ್ಮ ಬಾಮೈದ ಮಾಡಿದ್ದನ್ನೇ ನಾನು ತಿರುವಿ ಹಾಕಿದಂತೆ. ಅವನು ನಿಮ್ಮ ಹೆಸರು ಕದ್ದ, ನಾನು ನಿಮ್ಮ ಕೆಲಸ ಕದಿಯುತ್ತೇನೆ, ಅದೂ ಸಂಘದ ಮೊಹರು ಹಾಕಿಸಿಕೊಂಡು.

ಹಾಗಂತ ಕ್ಷಮೆ ಕೇಳುತ್ತಿದ್ದೇನೆ ಎಂದು ಉಬ್ಬಬೇಡಿ. ಅಲ್ಲಿ ನಿಮ್ಮ ಮನೆಯಲ್ಲಿ ಬಾಟಲಿ ಹಿಡಿದು ಹಾಲು ಕುಡಿಸಿದ್ದು, ಕಾಗದ ಹಾಸಿ ಬಳಿದದ್ದು, ಜ್ವರ ಬಂದ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದು ನಾನು. ನಿಮ್ಮ ಹೆಸರಿನ ಪಕ್ಕ ನನ್ನದೂ ಒಂದು ಇರಲಿ ಅಂದದ್ದಕ್ಕೆ ನೀವು ಆಡಿದ ಮಾತು ಇನ್ನೂ ಚುಚ್ಚುತ್ತದೆ: "ಹಂಚ್ಕೊಳ್ಳೋಕೆ ಹೆಸರೇನು ಬಾಳೆಹಣ್ಣಾ?" ಆ ಸಂಜೆಯೇ ಹೊರಟೆ. ಇವತ್ತು ಅದೇ ಮಾತು ಅಂದರೂ ಹೊರಡುತ್ತೇನೆ. ಆದರೆ ಆ ನ್ಯಾಯ ನನಗೆ ಬೇಕಾದರೆ ಈ ನ್ಯಾಯ ನಿಮಗೂ ಸಿಗಬೇಕಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಕದಿಯುತ್ತಿಲ್ಲ. ಮುಂದಿನ ಭಾನುವಾರ ಬನ್ನಿ. ಮರಿಗಳನ್ನು ಕೈಯಲ್ಲಿ ಹಿಡಿದು ನೋಡಿ. ಇವು ಮಿಂಚುಳ್ಳಿಗಳೇ ಅನಿಸಿದರೆ ಮಿಂಚುಳ್ಳಿ ಹೆಸರಿಡುವ ಒಪ್ಪಿಗೆಗೆ ರುಜು ಹಾಕಿ, ಕಾಗದದಲ್ಲಿ ಹೆತ್ತ ಮನೆ ಎನ್ನುವ ಕಡೆ ನನ್ನ ಹೆಸರೂ ಇರುತ್ತದೆ. ಅನಿಸದಿದ್ದರೆ ಎಲ್ಲವೂ ಗಲಾಟೆ, ನನಗೇನೂ ಬೇಸರವಿಲ್ಲ. ಗಾರ್ಡ್ ಸಾಹೇಬರಿಗೂ ನೀವೇ ಉತ್ತರ ಹೇಳಿ.

ಕಿವಿಯ ವಿಷಯ ಕೇಳುತ್ತೀರೆಂದು ಗೊತ್ತು, ಈ ಚುಕ್ಕೆನಾಯಿಗಳಲ್ಲಿ ಹುಟ್ಟುಕಿವುಡು ಹೆಚ್ಚಲ್ಲವೇ. ಮರಿಗೆ ಕಿವಿ ಕೇಳಿಸುತ್ತದೆಂದು ಖಾತ್ರಿಯಾಗದೆ ನೀವು ಹೆಸರಿಟ್ಟವರಲ್ಲ. ನಿಮ್ಮ ಹಾಗೆಯೇ ಬೆನ್ನ ಹಿಂದೆ ನಿಂತು ಚೊಂಬಿಗೆ ಚಮಚ ಬಡಿದೆ. ಎಲ್ಲ ಮರಿಗಳೂ ಒಟ್ಟಿಗೆ ತಿರುಗಿ ನೋಡಿದವು. ಪಕ್ಕದ ಮನೆಯವರೂ ತಿರುಗಿ ನೋಡಿದರು.

ಸದ್ಯಕ್ಕೆ ಯಾರ ಮನೆತನದ ಹೆಸರೂ ಇಲ್ಲದೆ,
ನಿಮ್ಮ
ಗಲಾಟೆ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಎಲ್ಲವೂ ತಿರುಗಿದವು ಅಂತ ಬರೆದದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಂದೊಂದನ್ನೇ ಬಚ್ಚಲಮನೆಗೆ ಒಯ್ದು ಬಡಿದಾಗ ಎಲ್ಲರಿಗಿಂತ ಚಿಕ್ಕವಳು ತಿರುಗಲಿಲ್ಲ. ಗುಂಪಿನಲ್ಲಿದ್ದಾಗ ಅಣ್ಣಂದಿರು ತಿರುಗಿದ್ದನ್ನು ಕಂಡು ತಾನೂ ತಿರುಗುತ್ತಾಳೆ, ಜಾಣೆ. ಪಶುವೈದ್ಯರೂ ನೋಡಿ ಖಚಿತಪಡಿಸಿದರು. ಉಳಿದ ಮರಿಗಳನ್ನು ಒಯ್ಯುವವರಿಗೆಲ್ಲ ಇದನ್ನು ಹೇಳಿಯೇ ಕೊಡುತ್ತೇನೆ. ಹೆಸರು ಕೊಡುವ ನಿಮಗೆ ಹೇಳದಿದ್ದರೆ ನಾನೆಂಥವಳು? ಇದನ್ನು ಓದಿದ ಮೇಲೆ ಬರದಿದ್ದರೆ ಅರ್ಥಮಾಡಿಕೊಳ್ಳುತ್ತೇನೆ. ಅವಳಿಗೆ ನಿಮ್ಮ ಹೆಸರು ಕೇಳುವುದಿಲ್ಲ. ಗಲಾಟೆ ಮನೆಯ ಮೊದಲ ಮಗಳು ಅವಳೇ, ನನ್ನ ಜೊತೆಗೇ ಇರುತ್ತಾಳೆ. ನೆಲ ಅದುರಿದರೆ ಸಾಕು, ಎಲ್ಲಿದ್ದರೂ ಎದ್ದು ಓಡಿಬರುತ್ತಾಳೆ. ಬರುವುದಾದರೆ ಗಂಟೆ ಒತ್ತಬೇಡಿ. ಮರದ ಮೆಟ್ಟಿಲು, ಸ್ವಲ್ಪ ಜೋರಾಗಿಯೇ ಹೆಜ್ಜೆ ಹಾಕಿ. ನಮ್ಮೆಲ್ಲರಿಗಿಂತ ಮೊದಲು ಬಾಗಿಲಿಗೆ ಬರುವವಳು ಅವಳು.