ದೊಡ್ಡದು ಮಾಡಿಬಿಡು

ಎಡಿಸನ್, ನ್ಯೂಜೆರ್ಸಿ
12 ನವೆಂಬರ್ 2025, ಬುಧವಾರ

ಪ್ರೀತಿಯ ಅವ್ವನಿಗೆ ಚಿತ್ರಾಳ ಶರಣು.

ಕಾಗದ ನೋಡಿ ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಕೂಗಿ ಹೇಳಿದರೆ ನಿನ್ನ ಕಿವಿಗೆ ಅರ್ಧ ಬೀಳುತ್ತದೆ, ಮಿಕ್ಕರ್ಧ ಅತ್ತಿಗೆಯ ಕಿವಿಗೆ ಬೀಳುತ್ತದೆ. ಇದು ನಿನ್ನನ್ನು ಮಾತ್ರ ಕೇಳಬೇಕಾದ ವಿಷಯ. ಕನ್ನಡಕ ಹಾಕಿಕೊಂಡು ನೀನೇ ಓದು.

ಶನಿವಾರ ನಾನು ಫೋನ್ ಮಾಡಿದ್ದು ಫ್ಲಶಿಂಗ್ ಗಣೇಶನ ಗುಡಿಯ ಕ್ಯಾಂಟೀನಿನಿಂದ. ದೋಸೆಗೆ ನಂಬರ್ ಕೂಗುವ ಗಲಾಟೆಯಲ್ಲಿ ಏನು ಕೇಳಿಸಿತೋ ಏನು ಬಿಟ್ಟಿತೋ, ಅದಕ್ಕೆ ಮತ್ತೊಮ್ಮೆ ಬರೆಯುತ್ತಿದ್ದೇನೆ. ಹಾಸಿಗೆ ಹೊದಿಕೆ, ಪಾತ್ರೆ ಪಡಗ ಮಾರುವ ನಮ್ಮ ಕಂಪನಿಗೆ ಇನ್ನೂರ ಹನ್ನೊಂದು ಅಂಗಡಿಗಳು. ಅಷ್ಟಕ್ಕೂ ನನ್ನನ್ನೇ ಪ್ರೆಸಿಡೆಂಟ್ ಮಾಡುತ್ತಾರಂತೆ. ಆದರೆ ಅದರಲ್ಲಿ ನಲವತ್ತು ಅಂಗಡಿ ಮುಚ್ಚುವ ಪಟ್ಟಿಗೆ ಈ ಶುಕ್ರವಾರ ನಾನು ಸಹಿ ಹಾಕಬೇಕು. ಪಟ್ಟಿಯಲ್ಲಿ ಮೊದಲ ಹೆಸರೇ ವುಡ್‌ಬ್ರಿಜ್, ನಮ್ಮ ಟೋನಿಯ ಅಂಗಡಿ.

ಟೋನಿ ನಿನಗೆ ನೆನಪಿರಬೇಕು. ನೀನು ಬಂದಿದ್ದಾಗ ಬೇಡ ಬೇಡ ಎಂದರೂ ಮಾರುವ ಮಂಚದ ಮೇಲೆ ನಿನ್ನನ್ನು ಕೂರಿಸಿ, ಅವರಲ್ಲಿ ಅಮ್ಮನನ್ನು ಕರೆಯುವ ಹಾಗೆ ಮಾಮಾ ಮಾಮಾ ಎಂದು ಕಾಫಿ ತಂದುಕೊಟ್ಟನಲ್ಲ, ಆ ದಪ್ಪ ಮೀಸೆಯವನು. ಇಪ್ಪತ್ತು ವರ್ಷದ ಹಿಂದೆ ಇಂಗ್ಲಿಷ್ ತಡವರಿಸುತ್ತಿದ್ದ ನನಗೆ ಟವೆಲ್ ಮಡಿಸುವ ಕೆಲಸ ಕೊಟ್ಟವನು ಅವನೇ. ಗಿರಾಕಿಯ ಕೈ ಬರಿದಾಗಿ ಬಿಡಬಾರದು, ಬೆಲೆ ಹೇಳುವ ಮೊದಲು ವಸ್ತು ಕೈಗಿಡಬೇಕು ಎಂದು ನಿನ್ನ ಬಳೆ ಅಂಗಡಿಯ ಗುಟ್ಟನ್ನು ನಾನು ಅವನಿಗೆ ಹೇಳಿಕೊಟ್ಟೆ. ಒಳಗೆ ಬಂದವರ ಕೈಗೆಲ್ಲ ಮೆತ್ತನೆಯ ಟವೆಲ್ ಕೊಡಿಸಿದ. ವ್ಯಾಪಾರ ಜೋರಾಯಿತು. ಬೇರೆಯವನಾಗಿದ್ದರೆ ನನ್ನ ತಲೆ, ನನ್ನ ಬುದ್ಧಿ ಎನ್ನುತ್ತಿದ್ದ. ಈ ಪುಣ್ಯಾತ್ಮ ಮ್ಯಾನ್‌ಹಟನ್ನಿನ ಆಫೀಸಿಗೆ ನನ್ನ ಹೆಸರು ಬರೆದು ಕಳಿಸಿದ. ನಾನು ಮೇಲೆ ಹೋದೆ, ಅವನು ಅಲ್ಲೇ ಉಳಿದ. ಈಗ ಅವನ ಕೈಕೆಳಗೆ ಅರವತ್ತಮೂರು ಜನ.

ಇದನ್ನೆಲ್ಲ ಕಿರುಚಿ ಹೇಳಿ, ಆ ಅಂಗಡಿ ಏನು ಮಾಡಲವ್ವಾ ಎಂದು ಕೇಳಿದ್ದೆ. ನೀನು, ದೊಡ್ಡದು ಮಾಡಿಬಿಡು ಕಣವ್ವ, ಯೋಚನೆ ಮಾಡ್ಬೇಡ ಅಂದೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ನನಗೆ ಆನೆ ಬಲ ಬಂತು ನೋಡು! ಟೋನಿಯ ಪಕ್ಕದ ಮಳಿಗೆ ವರ್ಷದಿಂದ ಖಾಲಿ ಬಿದ್ದಿದೆ. ಗೋಡೆ ಒಡೆದು ಎರಡನ್ನೂ ಸೇರಿಸಿ ದೊಡ್ಡದು ಮಾಡೋಣ, ಮುಚ್ಚುವುದು ಬೇಡ ಎಂದು ಭಾನುವಾರವೆಲ್ಲ ಕೂತು ಯೋಜನೆ ಬರೆದೆ. ಸೋಮವಾರ ದೊಡ್ಡವರೆಲ್ಲ ಕೂತಿದ್ದ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಮುಖ ಸಿಂಡರಿಸಿದರು. ಶುಕ್ರವಾರ ಈ ಯೋಜನೆ ಇಡುತ್ತೀಯೋ, ಪಟ್ಟಿಗೆ ಸಹಿ ಹಾಕುತ್ತೀಯೋ, ಒಂದು ತೀರ್ಮಾನ ಮಾಡಿಕೊಂಡು ಬಾ ಎಂದರು. ಎರಡೂ ಆಗುವ ಮಾತಿಲ್ಲವಂತೆ.

ಅವತ್ತು ಕಾರ್ತಿಕ ಸೋಮವಾರ. ಮನೆಗೆ ಬಂದು ದೀಪ ಹಚ್ಚಿದೆ. ಎಲ್ಲರೂ ಹೊರಗೆ ಹೊರಟಾಗ ನಿನ್ನ ಮೊಮ್ಮಗಳು ಸಾನ್ವಿ, ಬರ್ತ್‌ಡೇ ಕೇಕಿನ ಮೇಲಿನದೇನೋ ಎಂಬಂತೆ, ಉಫ್ ಎಂದು ಊದಿಬಿಟ್ಟಳು! ನನಗೆ ಮೈಯೆಲ್ಲ ಉರಿಯಿತು. ದೀಪ ಊದಬಾರದು, ಆರಿಸು ಅನ್ನಲೂಬಾರದು, ದೊಡ್ಡದು ಮಾಡು ಅನ್ನಬೇಕು ಎಂದು ಗದರಿದೆ. ಅವಳು ಇಂಗ್ಲಿಷಿನಲ್ಲೇ ಕೇಳಿದಳು, ಆರಿಸುವುದಕ್ಕೆ ದೊಡ್ಡದು ಮಾಡು ಅಂದರೆ, ನಿಜವಾಗಿ ದೊಡ್ಡದು ಮಾಡಬೇಕಾದಾಗ ನೀವೆಲ್ಲ ಏನಂತೀರಿ ಅಮ್ಮ, ಎಂದು.

ಶನಿವಾರದ ನಿನ್ನ ಮಾತು ಆಗ ತಲೆಗೆ ಹೊಳೆಯಿತು ಅವ್ವ.

ಈಗ ಹೇಳು, ಶನಿವಾರ ನೀನು ಅಂದದ್ದು ಯಾವ ದೊಡ್ಡದು? ಬೆಳೆಸು ಅಂದೆಯೋ, ಶಾಂತ ಮಾಡು ಅಂದೆಯೋ? ನಿನ್ನ ಬಾಯಲ್ಲಿ ಕೆಟ್ಟ ಪದ ಬಂದದ್ದೇ ಇಲ್ಲ. ತೊಡಿಸುವಾಗ ಬಳೆ ಒಡೆದರೆ ಹೆಚ್ಚಿತು ಅನ್ನುತ್ತಿದ್ದೆ. ಒಂದು ಕಮ್ಮಿಯಾದ ಮೇಲೆ ಹೆಚ್ಚಿದ್ದು ಹೇಗೆ ಎಂದು ನಾನು ಬೆರಳು ಮಡಿಸಿ ಎಣಿಸುತ್ತಿದ್ದೆ. ಇಲ್ಲಿನವರು ನಿನ್ನನ್ನೂ ಮೀರಿಸಿದವರು. ನಲವತ್ತು ಅಂಗಡಿ ಮುಚ್ಚುವುದಕ್ಕೆ ಅಳತೆ ಸರಿಮಾಡುವುದು ಎನ್ನುತ್ತಾರೆ. ಅಂಥ ಮಾತುಗಳನ್ನು ನಾನೇ ಎಷ್ಟು ಬರೆದಿಲ್ಲ! ಅತ್ತ ದರಿ ಇತ್ತ ಪುಲಿ ಎನ್ನುವ ಹಾಗಾಗಿದೆ. ಸಹಿ ಹಾಕಿದರೆ ಟೋನಿಯ ಮುಖ ನೋಡಲಾರೆ. ಹಾಕದಿದ್ದರೆ ಇಪ್ಪತ್ತು ವರ್ಷ ಹತ್ತಿದ ಮೆಟ್ಟಿಲು ಅಲ್ಲಿಗೇ ನಿಂತಿತು. ನನಗೆ ಆ ಕುರ್ಚಿ ಬೇಕು ಅವ್ವ, ನಿನ್ನೆದುರು ಸುಳ್ಳೇಕೆ ಹೇಳಲಿ. ತುಂಬಾ ಬೇಕು. ನಿನ್ನ ಅಳಿಯ ಮಾತ್ರ ನಿನಗೆ ಸರಿ ಕಂಡದ್ದು ಮಾಡು ಎಂದು ಹೇಳಿ ಗೊರಕೆ ಹೊಡೆಯುತ್ತಾರೆ. ಸರಿ ಯಾವುದು ಎಂದು ಗೊತ್ತಿದ್ದರೆ ಕೇಳುತ್ತಿದ್ದೆನೇ?

ಮಂಡಿನೋವಿಗೆ ಕಳಿಸಿದ ಪಟ್ಟಿ ಕಟ್ಟಿಕೋ, ಬೀರುವಿನಲ್ಲಿಟ್ಟು ಪೂಜೆ ಮಾಡಬೇಡ. ಅಣ್ಣ ಅತ್ತಿಗೆಗೆ ನಮಸ್ಕಾರ.

ದಿಕ್ಕು ತೋಚದ ನಿನ್ನ ಮಗಳು,
ಚಿತ್ರಾ

ಮರೆತಿದ್ದೆ: ಮರೆತಿದ್ದೆ ಅನ್ನುವುದೂ ಸುಳ್ಳು. ಈ ಕಾಗದ ತಿಪಟೂರು ಸೇರಲು ಹನ್ನೆರಡು ದಿನ ಬೇಕು. ಅಷ್ಟರಲ್ಲಿ ಶುಕ್ರವಾರ ಕಳೆದಿರುತ್ತದೆ. ಸಹಿ ಹಾಕುವುದಿಲ್ಲ ಅಂತ ಇದನ್ನು ಬರೆಯುತ್ತಾ ಬರೆಯುತ್ತಾ ಅನ್ನಿಸಿತು. ಸರಿಯೋ ತಪ್ಪೋ ಶಿವನೇ ಬಲ್ಲ. ಅವರು ನನ್ನನ್ನೇ ದೊಡ್ಡದು ಮಾಡಿದರೂ ಮಾಡಿಯಾರು.

ನಾನು ನಿಜಕ್ಕೂ ಕೇಳಬೇಕಾದದ್ದು ಟೋನಿಯ ಅಂಗಡಿಯ ವಿಷಯವಲ್ಲ. ಸಾನ್ವಿ ಹುಟ್ಟುವ ಮುಂಚೆ ನೀನು ಫೋನಿನಲ್ಲಿ, ಅಂಗಡಿ ದೊಡ್ಡದು ಮಾಡಿದೀನಿ ಕಣವ್ವ, ಬಾಣಂತನಕ್ಕೆ ಬರ್ತೀನಿ ಅಂದಿದ್ದೆ. ಕೇಳಿ ಕುಣಿದಾಡಿದ್ದೆ. ನೀನು ಆರು ತಿಂಗಳು ಮಗು ನೋಡಿಕೊಂಡೆ. ಹತ್ತನೇ ವಾರಕ್ಕೇ ನಾನು ಆಫೀಸಿಗೆ ಹೋದೆ, ಆ ವರ್ಷವೇ ದೊಡ್ಡ ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ ಊರಿಗೆ ಬಂದಾಗ ನೀನು ಸ್ಟೇಷನ್ನಿನಿಂದ ಆಟೋವನ್ನು ಹಿಂದಿನ ಬೀದಿಯಲ್ಲಿ ಸುತ್ತಿಸಿದೆ. ಮಾರನೆಯ ದಿನ ಹೂವು ತರುವ ನೆಪದಲ್ಲಿ ಪೇಟೆಗೆ ಹೋಗಿ ನೋಡಿದೆ. ನಿನ್ನ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿ. ಮನೆಗೆ ಬಂದು ಹೂವು ಕೊಟ್ಟೆ, ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೂ ಇಲ್ಲಿ ಸಭೆ ಸಭೆಯಲ್ಲಿ, ನಮ್ಮವ್ವ ಆ ವಯಸ್ಸಿನಲ್ಲಿ ಅಂಗಡಿ ದೊಡ್ಡದು ಮಾಡಿದವಳು ಎಂದು ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ.

ಅದನ್ನು ಮುಚ್ಚಿದ್ದು ನನಗೋಸ್ಕರವೇ ಅವ್ವ? ಹೌದಾದರೆ ಹೌದು ಅಂತಲೇ ಬರಿ. ದೊಡ್ಡ ಮಾತು ಬೇಡ.