ಮೂಲೆಯ ಮೇಜಿನ ಉತ್ತರ

ಮೇಡಂ ಅವರಿಗೆ,

ಮೂಲೆಯ ಮೇಜಿಗೆ ಹೊಸಬರನ್ನು ಕೂರಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ನೀವು ಈಗಷ್ಟೇ ಬಂದವರು, ನಮ್ಮ ಪ್ರಯೋಗಾಲಯದ ಪದ್ಧತಿ ಹೇಳುತ್ತೇನೆ. ಈಥರ್ ಬಾಟಲಿಯ ಮುಚ್ಚಳ ತೆಗೆಯುವ ಮೊದಲು "ಬೆಂಕಿ?" ಎಂದು ಕೂಗುತ್ತೇವೆ. ಪ್ರತಿ ಮೇಜಿನಿಂದಲೂ "ಆರಿದೆ" ಎಂಬ ಉತ್ತರ ಬರಬೇಕು. ಈಥರಿನ ಆವಿ ಕಳ್ಳಬೆಕ್ಕಿನ ಹಾಗೆ ನೆಲ ಹಿಡಿದು ಹೋಗಿ, ದೂರದ ಕಿಡಿಯನ್ನೂ ಹುಡುಕಿಕೊಳ್ಳುತ್ತದೆ.

ಮೂಲೆಯಲ್ಲಿ ಕೂರುತ್ತಿದ್ದವನನ್ನು ನಾವು ಪಿಸುಮಾತು ಎಂದೇ ಕರೆಯುತ್ತಿದ್ದೆವು. ಅವನ ಉತ್ತರ ಬರುತ್ತಿದ್ದದ್ದು ಎಲ್ಲರದ್ದೂ ಮುಗಿದ ಮೇಲೆ, ಅದೂ ಅರ್ಧ ಗಂಟಲಲ್ಲೇ. ಅವನನ್ನು ಸುಟ್ಟ ಆ ದಿನದ ಬೆಂಕಿಯ ವಿಷಯ ವರದಿಯಲ್ಲಿ ಓದಿರುತ್ತೀರಿ. ಆಸ್ಪತ್ರೆಯಲ್ಲಿ ಅವನು ನನ್ನನ್ನು ಕೇಳಿದ್ದು ಅದರಲ್ಲಿಲ್ಲ: "ತಡೀರಿ ಅಂದೆ ಅಕ್ಕಾ, ಯಾರಿಗೂ ಕೇಳಿಸ್ಲಿಲ್ವಾ?" ಅದೇ ಅವನ ಕೊನೆಯ ಮಾತು.

ಈಗ ಎಲ್ಲರ ಉತ್ತರ ಬಂದ ಮೇಲೂ ಯಾರೂ ಮುಚ್ಚಳ ತಿರುಗಿಸುವುದಿಲ್ಲ. ಖಾಲಿ ಮೇಜಿನ ಕಡೆ ಕಿವಿಗೊಟ್ಟು ನಿಲ್ಲುತ್ತೇವೆ. ಹೀಗೆ ನಿಲ್ಲೋಣ ಎಂದು ಯಾರೂ ಹೇಳಿದ್ದಲ್ಲ. ಮೊನ್ನೆ ಹಾಗೆ ನಿಂತಿದ್ದಾಗ ಅಲ್ಲಿಂದ ಟಿಕ್ ಎಂಬ ಸದ್ದು ಬಂತು. ಹೋಗಿ ನೋಡಿದರೆ, ಮೇಜು ಹೇಗೂ ಖಾಲಿ ಎಂದು ಯಾರೋ ಅಲ್ಲಿಟ್ಟಿದ್ದ ವಿದ್ಯುತ್ ಒಲೆ ಕೆಂಪಗೆ ಕಾದು ಕೂತಿತ್ತು.

ಒಲೆಯನ್ನು ಉಗ್ರಾಣಕ್ಕೆ ಸಾಗಿಸಿಬಿಡಿ. ಅವನ ಕೋಟು ಗೂಟದಲ್ಲೇ ಇರಲಿ. ಆ ಮೇಜಿಗೆ ಮಾತ್ರ ಯಾರನ್ನೂ ಕೂರಿಸಬೇಡಿ, ಮೇಡಂ. ಬಂದವರು ಬೇಗ ಉತ್ತರ ಕೊಟ್ಟುಬಿಡುತ್ತಾರೆ, ನಾವು ಕಿವಿಗೊಟ್ಟು ನಿಲ್ಲುವುದು ತಪ್ಪಿಹೋಗುತ್ತದೆ.

ಇಂತಿ,
ಕಿಟಕಿ ಪಕ್ಕದ ಮೇಜಿನವಳು